ನಮ್ಮ ಸಾವ್ಕಾರ್ರು ಹಾಸ್ಟೆಲ್ ಕಟ್ಟಿಸಿದ್ದು

ದಾನ ಮಾಡುವ ಚಟ ಇರುವವರ ಬಳಿ ನೌಕರಿಗಿದ್ದವನಿಗೆ ನಗುವಿಗೆ ಎಂದೂ ಬರಗಾಲವಿಲ್ಲ. ಕೊಡುವವರು ಅವರು, ತೆಗೆದುಕೊಳ್ಳುವವರು ಊರವರು, ನಡುವೆ ಸಿಕ್ಕು ಒದ್ದಾಡುವವನು ನಾನು. ಚೀನಾಕ್ಕೆ ಅದಿರು ಹೋಗುತ್ತಿದ್ದ ಭರಾಟೆಯ ಕಾಲದಲ್ಲಿ ಹೊಸಪೇಟೆಯ ಒಂದು ಮನೆತನದ ಗಣಿ ಕಂಪನಿಗೆ ನಾನು ಮ್ಯಾನೇಜರ್. ಮಾಲೀಕರನ್ನು ಊರೆಲ್ಲ ‘ಸಾವ್ಕಾರ್ರು’ ಅನ್ನುತ್ತಿತ್ತು. ಅವರು ನನ್ನನ್ನು ‘ಆಚಾರ್ರೇ’ ಅನ್ನುತ್ತಿದ್ದರು. ಅವರ ಮಗ ದೊಡ್ಡ ಓದು ಓದಿ ಬಂದು ಆಡಳಿತ ಹಿಡಿದಿದ್ದ. ದಾನಕ್ಕೆ ಚಾಚಿದ ತಂದೆಯ ಕೈ ಹಿಡಿದು ನಿಲ್ಲಿಸುವುದೇ ಆಡಳಿತ ಎಂದು ಅವನ ಲೆಕ್ಕ.

ಒಂದು ದಿನ ಚೋರನೂರು ಕಡೆಯ ರೈತನೊಬ್ಬ ಆಫೀಸಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸಾವ್ಕಾರ್ರ, ನನ್ನ ಮಗಳು ಸಂಡೂರು ಕಾಲೇಜಿಗೆ ಹೋಗ್ತಾಳ. ಭಾಳ ಶಾಣ್ಯಾಕಿ. ಆದ್ರ ನಿಮ್ಮ ಲಾರಿ ಸಾಲಿನ್ಯಾಗ ಬಸ್ಸು ಸಿಕ್ಕೊಂಡ್ರ ಮನಿ ಮುಟ್ಟೋದು ಕತ್ತಲಾದ ಮ್ಯಾಲ. ಬರೋ ವರ್ಷ ಬಿಡಿಸಿಬಿಡ್ತೀನಿ. ನಮ್ಮ ಓಣ್ಯಾಗ ಎಲ್ಲಾರೂ ಹಂಗ ಅನ್ನಾಕತ್ಯಾರ.”

ಅವನು ಜಗಳಕ್ಕೆ ಬಂದಿರಲಿಲ್ಲ, ಸುದ್ದಿ ತಿಳಿಸಲು ಬಂದವನಂತೆ ಹೇಳಿ ಹೋದ. ಸಾವ್ಕಾರ್ರಿಗೆ ಅಂದು ಊಟ ಸೇರಲಿಲ್ಲ. ಸಂಡೂರಿನಲ್ಲಿ ಹೆಣ್ಣುಮಕ್ಕಳಿಗೊಂದು ಹಾಸ್ಟೆಲ್ ಕಟ್ಟಿಸಬೇಕು, ಬರುವ ವರ್ಷ ಕಾಲೇಜು ತೆರೆಯುವಷ್ಟರಲ್ಲಿ ಹುಡುಗಿಯರು ಒಳಗಿರಬೇಕು ಎಂದು ಸಂಜೆಯೇ ಹಟ ಹಿಡಿದರು. ಆಮೇಲೆ ನಡೆದದ್ದೇ ಈ ಪ್ರಸಂಗಗಳು.

ಸಾವ್ಕಾರ್ರಿಗಾಗಿ ಕಾದದ್ದು

ಹಾಸ್ಟೆಲಿಗೆಂದು ಹಿಡಿದಿದ್ದ ಜಾಗ ನೋಡಲು ಸಂಡೂರಿಗೆ ಹೊರಟೆವು. ಸಾವ್ಕಾರ್ರದ್ದು ಯಾವಾಗಲೂ ಬೆಳ್ಳಗಿನ ಪಂಚೆ, ಬೆಳ್ಳಗಿನ ಅಂಗಿ. ಆ ರಸ್ತೆಯಲ್ಲಿ ಆಗ ಅದಿರಿನ ಧೂಳು ಕೂತು ಮರದ ಎಲೆಯೂ ಕೆಂಪು, ನಾಯಿಯೂ ಕೆಂಪು. ಅಂಥಲ್ಲಿ ಬಿಳಿ ಉಡುವುದು ಅವರ ಹಟಗಳಲ್ಲೊಂದು. ನಡುದಾರಿಯಲ್ಲಿ ಲಾರಿ ಸಾಲು ನಿಂತಿತು. ಅರ್ಧಕ್ಕರ್ಧ ನಮ್ಮವೇ ಲಾರಿಗಳು, ಬೈಯುವ ಹಾಗೂ ಇಲ್ಲ. ಸಾವ್ಕಾರ್ರು ಕಾರಿಳಿದು, ಪಕ್ಕದ ಮಣ್ಣಿನಲ್ಲಿ ನುಸುಳುತ್ತಿದ್ದ ಎರಡು ಮೊಪೆಡ್‌ಗಳನ್ನು ಕೈಮಾಡಿ ನಿಲ್ಲಿಸಿದರು. ಒಂದರ ಹಿಂದೆ ಅವರು, ಇನ್ನೊಂದರ ಹಿಂದೆ ನಾನು. ಸಂಡೂರು ಮುಟ್ಟುವಾಗ ನಮ್ಮಿಬ್ಬರಿಗೂ ಕಣ್ಣುಗುಡ್ಡೆ ಬಿಟ್ಟು ಬಿಳಿಯದೇನೂ ಉಳಿದಿರಲಿಲ್ಲ.

ಜಾಗಕ್ಕೆ ಆಗತಾನೆ ಒಬ್ಬ ಕಾವಲುಗಾರನನ್ನು ಇಟ್ಟಿದ್ದೆವು. ನಮ್ಮ ಮುಖ ಕಂಡವನಲ್ಲ, ಅವನು ನಮ್ಮನ್ನೇ ತಡೆದ.

“ಏಯ್, ಎಲ್ಲಿ ಒಳಗ ಹೊಂಟೀರಿ? ಲಾರಿಯವ್ರು ಅಲ್ಲೇ ನಿಂದ್ರಿ. ಸಾವ್ಕಾರ್ರು ಬರೋ ಹೊತ್ತಾತು.”

ನಾನು ಬಾಯಿ ತೆರೆದೆ. ಸಾವ್ಕಾರ್ರು ನನ್ನ ಕೈ ಚಿವುಟಿದರು.

“ಭಾಳ ದೊಡ್ಡ ಮನಶ್ಯಾರೇನಪಾ ಅವ್ರು?”

“ದೊಡ್ಡವ್ರ ಅಂತ. ಆದ್ರ ಹೇಳಿದ ಹೊತ್ತಿಗೆ ಬರಂಗಿಲ್ಲಂತ.”

“ಅದು ಖರೆ,” ಎಂದು ಸಾವ್ಕಾರ್ರು ಒಪ್ಪಿಕೊಂಡು ಕಲ್ಲಿನ ಮೇಲೆ ಕೂತರು. ಕಾವಲುಗಾರ ತನ್ನ ಬುತ್ತಿಯಿಂದ ಅವರಿಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಇಬ್ಬರೂ ಸೇರಿ ಸಾವ್ಕಾರ್ರನ್ನು ಚೆನ್ನಾಗಿ ಆಡಿಕೊಂಡರು. ನಾನೊಬ್ಬನೇ ಉಗುಳು ನುಂಗುತ್ತಾ ಕೂತಿದ್ದೆ. ಬಹಳ ಹೊತ್ತಿನ ಮೇಲೆ ನಮ್ಮ ಕಾರು ಬಂತು. ಕಾವಲುಗಾರ ಓಡಿಹೋಗಿ ಸೆಲ್ಯೂಟ್ ಹೊಡೆದು, ಬಾಗಿಲು ತೆಗೆದು, ಹಿಂದಿನ ಸೀಟು ಖಾಲಿ ಇರುವುದನ್ನು ಕಂಡು ನಮ್ಮ ಕಡೆ ತಿರುಗಿದ.

“ನಾ ಹೇಳ್ಲಿಲ್ಲೇನು? ಬರಲೇ ಇಲ್ಲ ನೋಡ್ರಿ ಪುಣ್ಯಾತ್ಮ!”

ನನ್ನ ಕೆಮ್ಮು

ಜಾಗವೇನೋ ಆಯಿತು, ಆದರೆ ಮಗ ಸುಲಭಕ್ಕೆ ಒಪ್ಪಲಿಲ್ಲ. “ಅಪ್ಪಾಜಿ, ಹಾಸ್ಟೆಲ್ ಆಗಬೇಕಂದ್ರ ಬ್ಯಾರೆ ದಾನ ಎಲ್ಲಾ ಬಂದ್. ಸ್ಟೇಜ್ ಮ್ಯಾಲ ನಿಂತು ಮಾತು ಕೊಡೋದು ಮೊದಲು ಬಂದ್,” ಎಂದ. ತಂದೆಯನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ಅವರು ಮೈಕಿನ ಮುಂದೆ ‘ನಾನು ಈ ಊರಿಗೆ…’ ಎಂದು ಶುರುಮಾಡಿದರೆ ನಾನು ಕೆಮ್ಮಬೇಕು, ಅವರು ನಿಲ್ಲಿಸಬೇಕು. ಸಾವ್ಕಾರ್ರು ಇದಕ್ಕೆ ಒಪ್ಪಿದ್ದರು ಕೂಡ.

ಕಂಪ್ಲಿಯ ಒಂದು ಶಾಲೆಯಲ್ಲಿ ಸನ್ಮಾನ. ಶಾಲು, ಹಾರ, ಪೇಟ ಎಲ್ಲ ಆಯಿತು. ಸಾವ್ಕಾರ್ರು ಮಕ್ಕಳ ಮುಖ ನೋಡಿದರು. ಮೈಕು ಹತ್ತಿರ ಎಳೆದುಕೊಂಡರು. “ನಾನು ಈ ಊರಿಗೆ…” ಅಂದರು.

ನಾನು ಕೆಮ್ಮಿದೆ.

“ಈ ಊರಿನ ಮಕ್ಕಳಿಗೆ…”

ಜೋರಾಗಿ ಕೆಮ್ಮಿದೆ. ಅವರು ಬಗ್ಗಲಿಲ್ಲ. ನಾನೂ ಬಿಡಲಿಲ್ಲ. ಕೆಮ್ಮಿ ಕೆಮ್ಮಿ ಕೊನೆಗೆ ನಿಜವಾದ ಕೆಮ್ಮೇ ಹತ್ತಿಕೊಂಡು ಕಣ್ಣಲ್ಲಿ ನೀರು ಬಂತು. ಯಾರೋ ನೀರು ಕುಡಿಸಿದರು, ಇನ್ಯಾರೋ ಬೆನ್ನು ಗುದ್ದಿದರು. ಸಾವ್ಕಾರ್ರು ಮಾತು ನಿಲ್ಲಿಸಿ, ಸಭೆಗೆಲ್ಲ ಕೇಳುವಂತೆ ಮರುಗಿದರು.

“ನೋಡ್ರಿ, ನಮ್ಮ ಆಚಾರ್ರಿಗೆ ಎಂಥ ಕೆಮ್ಮು ಬಂದೈತಿ! ಇಂಥ ಹೊತ್ತಿನ್ಯಾಗ ತೋರಿಸಾಕ ಈ ಓಣ್ಯಾಗ ಒಂದು ದವಾಖಾನಿ ಬ್ಯಾಡೇನು? ನಾ ಕಟ್ಟಿಸಿಕೊಡ್ತೀನಿ!”

ಚಪ್ಪಾಳೆಯೋ ಚಪ್ಪಾಳೆ. ಮರುದಿನ ಮಗ ನನ್ನನ್ನು ಒಳಗೆ ಕರೆದ.

“ಆಚಾರ್ರೇ, ಇನ್ನ ಮ್ಯಾಲ ಸೀನಬ್ಯಾಡ್ರಿ ಕೂಡ.”

ಕಲ್ಲಿನ ರಥ

ಚೀನಾದ ಒಬ್ಬ ದೊಡ್ಡ ಗಿರಾಕಿ ಬರುವವನಿದ್ದ. ಅವನ ಜೊತೆಗಿನ ವ್ಯವಹಾರ ಕುದುರಿದರೆ ಹಾಸ್ಟೆಲಿಗೆ ತನ್ನ ಅಡ್ಡಿಯಿಲ್ಲ ಎಂದು ಮಗ ಮಾತು ಕೊಟ್ಟ. ಸಾವ್ಕಾರ್ರು ಆ ಗಿರಾಕಿಯನ್ನು ಮನೆ ಅಳಿಯನಂತೆ ಕಂಡರು. ಹೋಳಿಗೆ ತಿನ್ನಿಸಿದರು, ಮೇಲೆ ತುಪ್ಪ ಸುರಿದರು.

ನಮ್ಮ ಕಡೆ ಯಾರನ್ನು ಸನ್ಮಾನಿಸಿದರೂ ಕೊಡುವ ನೆನಪಿನ ಕಾಣಿಕೆ ಒಂದೇ, ಹಂಪಿಯ ಕಲ್ಲಿನ ರಥದ ಪುಟ್ಟ ಮಾದರಿ. ಗಿರಾಕಿಗೆ ನಮ್ಮ ಆಫೀಸಿನಲ್ಲಿ ಒಂದು ಕೊಟ್ಟೆವು. ಲಾರಿ ಮಾಲೀಕರು ಒಂದು ಕೊಟ್ಟರು. ಊಟಕ್ಕೆ ಕರೆದ ಬೀಗರು ಒಂದು ಕೊಟ್ಟರು. ಸಾವ್ಕಾರ್ರ ಪಡಸಾಲೆಯ ಕಪಾಟಿನಲ್ಲಿ ಅವೇ ಸಾಲಾಗಿ ನಿಂತಿರುವುದನ್ನೂ ಅವನು ನೋಡಿದ. ಮರುದಿನ ಹಂಪಿಗೆ ಕರೆದುಕೊಂಡು ಹೋದೆವು. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ನಿಜವಾದ ರಥದ ಮುಂದೆ ಅವನು ಬೆರಗಾಗಿ ನಿಂತುಬಿಟ್ಟ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ದುಭಾಷಿಯ ಕಿವಿಯಲ್ಲಿ ಏನೋ ಕೇಳಿದ. ದುಭಾಷಿ ಸಂಕೋಚದಿಂದ ನಮ್ಮ ಕಡೆ ತಿರುಗಿದ.

“ಸರ್, ಇಷ್ಟು ದೊಡ್ಡದನ್ನ ಯಾರಿಗೆ ಸನ್ಮಾನ ಮಾಡೋಕೆ ಮಾಡಿಸಿದ್ರು, ಅವ್ರು ಯಾಕೆ ಇಲ್ಲೇ ಬಿಟ್ಟು ಹೋದ್ರು ಅಂತ ಕೇಳ್ತಿದಾರೆ.”

ಉದ್ಘಾಟನೆ

ವ್ಯವಹಾರ ಕುದುರಿತು. ಹಾಸ್ಟೆಲ್ ಎದ್ದಿತು. ಸುಣ್ಣಬಣ್ಣ, ಮಂಚ, ಅಡಿಗೆಯವರು ಎಲ್ಲ ತಯಾರು. ಬಾಗಿಲಿಗೆ ಮಾತ್ರ ಬೀಗ. ಏಕೆಂದರೆ ಉದ್ಘಾಟನೆಗೆ ಬೆಂಗಳೂರಿನಿಂದ ಮಂತ್ರಿಗಳು ಬರಬೇಕಿತ್ತು. ಅವರು ಒಂದು ದಿನ ಕೊಟ್ಟರು, ಮುಂದೂಡಿದರು. ಇನ್ನೊಂದು ದಿನ ಕೊಟ್ಟರು, ಅದನ್ನೂ ಮುಂದೂಡಿದರು. ಕಾಲೇಜು ತೆರೆದೇಬಿಟ್ಟಿತು. “ಅವರನ್ನ ಬಿಟ್ಟು ತೆರೆದ್ರ ಸಿಟ್ಟಾಗ್ತಾರ ಅಪ್ಪಾಜಿ, ನಾಳೆ ಅವ್ರ ಕಡೆ ನಮ್ಮ ಕೆಲಸ ಇರ್ತಾವ,” ಎಂದು ಮಗ ಕೈಮುಗಿದ. ಅವನು ಹೇಳುವುದೂ ಸುಳ್ಳಾಗಿರಲಿಲ್ಲ.

ಅಂತೂ ಮತ್ತೊಂದು ದಿನ ಗೊತ್ತಾಯಿತು. ಹುಡುಗಿಯರು ಟ್ರಂಕು, ಹಾಸಿಗೆ ಸುತ್ತಿಕೊಂಡು ಅಪ್ಪಂದಿರ ಜೊತೆ ಬೆಳಿಗ್ಗೆಯೇ ಬಂದರು. ಚೋರನೂರು ಕಡೆಯ ಆ ರೈತನೂ ಮಗಳನ್ನು ಕರೆತಂದಿದ್ದ. ಮಗ ಬಾಗಿಲಿಗೆ ಕಂಪ್ಲಿಯ ಕಬ್ಬಿನ ತೋರಣ ಕಟ್ಟಿಸಿ, ಅದರ ಮುಂದೆ ರಿಬ್ಬನ್ ಬಿಗಿಸಿದ್ದ. ಪೂಜೆಗೆ ಬಂದ ಪುರೋಹಿತರು, ಹೊಸ ಕಟ್ಟಡಕ್ಕೆ ಮೊದಲು ಆಕಳು ಹೋಗಬೇಕು ಎಂದು ಬೀದಿಯವರ ಆಕಳೊಂದನ್ನು ಹೂ ಮುಡಿಸಿ ತರಿಸಿದ್ದರು. ಮುಂಬಾಗಿಲು ಮಂತ್ರಿಗಳಿಗೆ, ಆಕಳ ಪ್ರವೇಶ ಹಿತ್ತಲ ಬಾಗಿಲಿನಿಂದ ಎಂದು ಮಗನೂ ಪುರೋಹಿತರೂ ವಾದ ಮಾಡಿ ರಾಜಿಯಾಗಿದ್ದರು.

ಅಷ್ಟರಲ್ಲಿ ಫೋನ್ ಬಂತು. ಮಂತ್ರಿಗಳು ಬರುವುದಿಲ್ಲ.

ರೈತ ಮಗಳ ಟ್ರಂಕು ಎತ್ತಿ ತಲೆ ಮೇಲಿಟ್ಟುಕೊಂಡ. “ನಡಿಯವ್ವಾ, ಬಸ್ಸು ಹೋಗಿಬಿಡ್ತೈತಿ,” ಎಂದ. ಉಳಿದವರೂ ಗಂಟು ಎತ್ತಿಕೊಂಡರು. ಹುಡುಗಿ ಕಟ್ಟಡವನ್ನೇ ನೋಡುತ್ತಿದ್ದಳು. ಸಾವ್ಕಾರ್ರು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತುಬಿಟ್ಟರು.

ಎಲ್ಲರ ಗಮನ ಹೊರಟವರ ಮೇಲಿದ್ದಾಗ ಆಕಳಿನ ಹಗ್ಗ ಹಿಡಿದವನ ಗಮನವೂ ಅತ್ತಲೇ ಇತ್ತು. ಆಕಳಿನ ಗಮನ ಕಬ್ಬಿನ ಮೇಲಿತ್ತು. ಅದು ಯಾರ ಅಪ್ಪಣೆಗೂ ಕಾಯದೆ ಮೆಟ್ಟಿಲು ಹತ್ತಿತು. ಕತ್ತು ತಾಗಿ ರಿಬ್ಬನ್ ಹರಿಯಿತು. ಪೂಜೆಗೆಂದು ಬೀಗ ತೆಗೆದಿಟ್ಟಿದ್ದ ಬಾಗಿಲನ್ನು ಕೋಡಿನಿಂದ ತಳ್ಳಿ, ಬಾಯಲ್ಲೊಂದು ಕಬ್ಬು, ಕೊರಳಲ್ಲೊಂದು ರಿಬ್ಬನ್ ಸಮೇತ ಗಂಭೀರವಾಗಿ ಒಳಗೆ ಹೋಯಿತು.

ಸಾವ್ಕಾರ್ರು ಚಂಗನೆ ಎದ್ದರು.

“ಉದ್ಘಾಟನೆ ಆತು! ಚಪ್ಪಾಳಿ ಹೊಡೀರಲೇ! ಬರ್ರಿ ತಂಗಿ, ಒಳಗ ಬರ್ರಿ!”

ಹುಡುಗಿಯರು ನುಗ್ಗಿದರು. ರೈತ ತಲೆಯ ಮೇಲಿನ ಟ್ರಂಕನ್ನು ನೇರ ಒಳಗೇ ಒಯ್ದು ಇಳಿಸಿದ. ಸಾವ್ಕಾರ್ರು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಮಗ ಮಾತ್ರ ರಿಬ್ಬನ್ ಬಿಡಿಸಿಕೊಳ್ಳಲು ಆಕಳಿನ ಹಿಂದೆ ಓಡಾಡುತ್ತಿದ್ದ.

ದೀಪಾವಳಿ ಕಳೆದ ಮೇಲೆ ಮಂತ್ರಿಗಳು ಹೇಳದೆ ಕೇಳದೆ ಬಂದಿಳಿದರು. ನೋಡಿದರೆ ಅಂಗಳದ ತುಂಬ ಬಟ್ಟೆ ಒಣಗುತ್ತಿವೆ, ಒಳಗೆ ಒಗ್ಗರಣೆಯ ವಾಸನೆ. ಅವರ ಮುಖ ಕೆಂಪಗಾಯಿತು.

“ನಾನು ಬರೋ ಮೊದಲೇ ಉದ್ಘಾಟನೆ ಆಗಿಬಿಟ್ಟಿದೆ! ಯಾರನ್ನ ಕರೆಸಿ ಮಾಡಿಸಿದ್ರಿ? ಯಾವ ಪಕ್ಷದವರು?”

ಮಗ ಬೆವೆತ. ನಾನು ನೆಲ ನೋಡಿದೆ. ಪುಸ್ತಕ ಹಿಡಿದು ಕೂತಿದ್ದ ಚೋರನೂರು ಕಡೆಯ ಹುಡುಗಿ ಎದ್ದು ನಿಂತು ನಿಜ ಹೇಳಿಬಿಟ್ಟಳು.

“ಯಾವ ಪಕ್ಷದವ್ರೂ ಅಲ್ರಿ. ಆಕಳು ಬಂದಿತ್ತು.”

ಮಂತ್ರಿಗಳು ಸಾವ್ಕಾರ್ರ ಕಡೆ ತಿರುಗಿದರು. ಸಾವ್ಕಾರ್ರು ಭಯಭಕ್ತಿಯಿಂದ ಕೈಮುಗಿದರು.

“ಹೌದ್ರಿ. ಒಂದ ಸಲ ಕರದಿದ್ವಿ, ಬಂದುಬಿಡ್ತು.”