ಎರಡು ಸೀಟಿನ ಘಾಟು

ಎಂಟೇ ದಿನ! ಎಂಟು ದಿನದಲ್ಲಿ ಅಣ್ಣನ ಕಾರು ಮಾರಿ ಕೈತೊಳೆದುಕೊಳ್ಳದಿದ್ದರೆ ನನ್ನ ಹೆಸರು ಚನ್ನೇಶನೇ ಅಲ್ಲ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಮೂವತ್ತೊಂದು ವರ್ಷ ಹಾವೇರಿ ಕೋರ್ಟಿನಲ್ಲಿ ಬೆರಳಚ್ಚು ಮಾಡಿದವನು ನಾನು. ಗಂಡ ಹೆಂಡಿರ ಸೋಡಚೀಟಿ, ಅಣ್ಣ ತಮ್ಮಂದಿರ ಪಾಲು, ಎಮ್ಮೆ ಕದ್ದವನ ಶಿಕ್ಷೆ, ಎಲ್ಲವನ್ನೂ ಕಣ್ಣು ಮಿಟುಕಿಸದೆ ಕುಟ್ಟಿದ ಬೆರಳುಗಳಿವು. ಕಾರು ಮಾರುವುದು ಯಾವ ಗಿಡದ ತಪ್ಪಲು?

"ಮೊದಲ ಅದನ್ನ ಹೊಡ್ಯಾಕ ಬರತೈತೇನ್ರಿ ನಿಮಗ?" ಎಂದಳು ನನ್ನ ಹೆಂಡತಿ ದುರ್ಗಾ, ರೊಟ್ಟಿ ಬಡಿಯುತ್ತಲೇ.

"ಮಾರಾಕ ಹೊಡ್ಯಾಕ ಯಾಕ ಬರಬೇಕು? ಎಮ್ಮಿ ಮಾರಾಂವ ಹಾಲ ಕೊಡತಾನೇನು?"

"ನೀವು ಏನ ಕೊಡ್ತೀರಿ ಬಿಡ್ರಿ. ಅಣ್ಣನ ಮಣ್ಣಿಗೆ ಹೋದಾಗ ಒಂದ ಹನಿ ಕಣ್ಣೀರ ಕೊಡಲಿಲ್ಲ. ಮಂದಿ ಮುಂದರ ಒರಸ್ಕೋಬೇಕಿತ್ತು."

ಅದು ಸುಳ್ಳಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಅಜ್ಜಪ್ಪ, ನನ್ನ ಒಬ್ಬನೇ ಒಬ್ಬ ಅಣ್ಣ, ಮದುವೆ ಗಿದುವೆ ಎನ್ನದೆ ಒಂಟಿಯಾಗಿ ಬದುಕಿ ಯುಗಾದಿಯ ಮರುವಾರ ತೀರಿಹೋದ. ಎಲ್ಲರೂ ಅತ್ತರು, ನನ್ನ ಕಣ್ಣು ಮಾತ್ರ ಬೇಸಿಗೆಯ ಬೋರ್‌ವೆಲ್. ನಾವಿಬ್ಬರೂ ಇಪ್ಪತ್ತೆರಡು ವರ್ಷದಿಂದ ಮಾತು ಬಿಟ್ಟಿದ್ದೆವು. ಕಾರಣ ಇದೇ ಕಾರು.

ಗೋವಾಕ್ಕೆ ಮೆಣಸಿನಕಾಯಿ ಲೋಡಿನ ಜೊತೆ ಹೋದ ಅಣ್ಣ, ಅಲ್ಲಿಯ ಒಬ್ಬ ಮುದಿ ಡಾಕ್ಟರರಿಂದ ಈ ಇಟಲಿ ಕಾರು ಕೊಂಡು, ಬರುವಾಗ ಖಾಲಿ ಲಾರಿಯಲ್ಲಿ ಹೇರಿಕೊಂಡು ಬಂದ. ಒಣಮೆಣಸಿನಕಾಯಿಯಂಥ ಕೆಂಪು. ನೆಲಕ್ಕೆ ಅಂಟಿಕೊಂಡಷ್ಟು ಗಿಡ್ಡ. ಸ್ಟೇರಿಂಗು ಎಡಕ್ಕೆ, ಸೀಟು ಎರಡೇ. ತೊಳೆದು ಒರೆಸಿ ಸೀದಾ ಹಾವೇರಿಗೆ, ನನ್ನ ಮನೆಗೆ ತಂದ.

"ಚನ್ನೇಶ, ಬಾ. ನೀ ಬಲಕ್ಕ ಕುಂದರು. ನೋಡಿದ ಮಂದಿ ನೀನ ಹೊಡ್ಯಾಕತ್ತಿ ಅಂತ ತಿಳೀತಾರ," ಎಂದು ನಕ್ಕ.

ನಾನು ತಿರುಗಿ ನೋಡಿದೆ. ದುರ್ಗಾ ಇಸ್ತ್ರಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬಟ್ಟೆ ಮುಚ್ಚಿದ ಡಬ್ಬಿ ಹಿಡಿದು ಹೊಸ್ತಿಲು ದಾಟುತ್ತಿದ್ದಳು. ಪಾಪ, ದಾರಿಗೆ ಬುತ್ತಿ ಬೇರೆ ಕಟ್ಟಿಕೊಂಡಿದ್ದಾಳೆ! ಹೆಂಡತಿಯ ಮಾನ ಕಾಯುವ ವೀರ ನನ್ನೊಳಗೆ ಎದ್ದು ನಿಂತ. "ಎರಡ ಸೀಟಿನ ಗಾಡಿ ತಗೊಂಡ ಇನ್ನ ನನ್ನ ಮನಿ ಬಾಗಿಲಿಗೆ ಬರಬ್ಯಾಡ," ಎಂದು ಅಣ್ಣನಿಗೆ ಹೇಳಿ ಒಳಗೆ ಹೋಗಿ ಚಿಲಕ ಹಾಕಿದೆ. ಆಮೇಲೆ ಆ ಚಿಲಕ ತೆಗೆಯಲಿಲ್ಲ. ಯಾಕೆ ಎಂದು ದುರ್ಗಾ ಎರಡು ಸಲ ಕೇಳಿದಳು, ನಾನು ಬಾಯಿ ಬಿಡಲಿಲ್ಲ. ಮಾಡಿದ ಉಪಕಾರ ಆಡಿ ತೋರಿಸಬಾರದಲ್ಲ.

ಈಗ ಅಣ್ಣ ಬರೆದಿಟ್ಟ ಕಾಗದದಲ್ಲಿ ನನ್ನ ಹೆಸರಿಗೆ ಇದ್ದದ್ದು ಒಂದೇ ಸಾಲು: "ಗಾಡಿ ಚನ್ನೇಶಗ."

ಬ್ಯಾಡಗಿಗೆ ಹೋದೆ. ಅಣ್ಣನ ಹಮಾಲ ಫಕ್ಕೀರಸಾಬ ಗೋದಾಮಿನ ಬೀಗ ತೆಗೆದ. ಮೆಣಸಿನಕಾಯಿ ಚೀಲಗಳ ನಡುವೆ ಕಾರು ಟಾರ್ಪಾಲು ಹೊದ್ದು ಮಲಗಿತ್ತು. ಎಡಗಡೆಯ ಸೀಟು ಹರಿದು ನಾರು ಹೊರಬಂದಿತ್ತು. ಬಲಗಡೆಯ ಸೀಟಿಗೆ ಮಾತ್ರ ಹೊಸ ರೆಕ್ಸಿನ್, ಮೇಲೆ ಅಂಗಡಿಯವರು ಹಾಕಿದ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ನಾನು ಮಾಲೀಕನ ಗತ್ತಿನಲ್ಲಿ ಸ್ಟೇರಿಂಗಿನ ಮುಂದೆ ಕುಳಿತು ಬಾಗಿಲು ಧಡ್ ಎಂದು ಹಾಕಿದೆ ನೋಡಿ, ವರ್ಷಗಟ್ಟಲೆ ಸೇರಿಕೊಂಡಿದ್ದ ಮೆಣಸಿನಕಾಯಿ ಧೂಳು ಒಮ್ಮೆಲೇ ಮೇಲೆದ್ದಿತು. ಹದಿನೇಳು ಸೀನು! ಕಣ್ಣಿಂದ ಮೂಗಿಂದ ವರದಾ, ತುಂಗಭದ್ರಾ ಎರಡೂ ಹರಿದವು.

"ಅಳ್ರಿ ಸಾಹೇಬ್ರ, ಅಳ್ರಿ. ಎದಿ ಹಗರ ಆಗತೈತಿ," ಎಂದು ಫಕ್ಕೀರಸಾಬ ಬೆನ್ನು ಸವರಿದ.

ಘಾಟು ಎಂದು ಹೇಳಲು ಬಾಯಿ ತೆರೆದರೆ ಇನ್ನೊಂದು ಸೀನು ಬಂತು. ಸಂಜೆಯ ಹೊತ್ತಿಗೆ ಮಾರ್ಕೆಟ್ ಯಾರ್ಡಿನಲ್ಲೆಲ್ಲ, ಅಜ್ಜಪ್ಪನ ತಮ್ಮ ಅಣ್ಣನ ಕಾರು ತಬ್ಬಿಕೊಂಡು ಅತ್ತನಂತೆ ಎಂದು ಸುದ್ದಿಯಾಯಿತು. ನಿಜ ಹೇಳುತ್ತೇನೆ, ಎದೆ ಹಗುರಾಗಿತ್ತು. ಆ ದಿನ ಎರಡು ರೊಟ್ಟಿ ಹೆಚ್ಚು ತಿಂದೆ.

ಫೋಟೋ ತೆಗೆದು ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ಆಮೇಲೆ ಶುರುವಾಯಿತು ಫೋನು. ನಿವೃತ್ತಿಯಾದ ಮೇಲೆ ನನಗೆ ಯಾರ ಫೋನೂ ಬರುತ್ತಿರಲಿಲ್ಲ. ದುರ್ಗಾ ಒಂಬತ್ತಕ್ಕೆ ಶಾಲೆಗೆ ಪಾಠ ಮಾಡಲು ಹೋದರೆ ಸಂಜೆ ಐದರವರೆಗೆ ಮನೆಯಲ್ಲಿ ನಾನು ಮತ್ತು ಗೋಡೆ ಗಡಿಯಾರ. ಸಾಲ ಬೇಕೇನು ಎಂದು ಕೇಳುವ ಹುಡುಗಿಯ ಜೊತೆಗೂ ಹತ್ತು ನಿಮಿಷ ಸುಖದುಃಖ ಮಾತಾಡುತ್ತಿದ್ದೆ, ಕೊನೆಗೆ ಅವಳೇ ಬೇಸತ್ತು ಇಡುತ್ತಿದ್ದಳು. ಈಗ ನೋಡಿದರೆ ಎಲ್ಲೆಲ್ಲಿಂದಲೋ "ಸಾಹೇಬ್ರ", "ಸರ್". ನನ್ನ ಎಂಟು ದಿನದ ಶಪಥ ಒಂದು ತಿಂಗಳಾದರೂ ನನಗೇನೂ ಬೇಸರವಾಗಲಿಲ್ಲ.

ಆದರೆ ಕಾರು ನೋಡಲು ಬಂದವರೆಲ್ಲ ಅಳುತ್ತ ಹೋದರು. ಹಾವೇರಿಯಲ್ಲಿ ಕಲ್ಯಾಣಮಂಟಪ ಇಟ್ಟುಕೊಂಡಿರುವ ಮಾಂತೇಶ ಮದುಮಕ್ಕಳ ಮೆರವಣಿಗೆಗೆ ಕಾರು ಬೇಕೆಂದು ಬಂದ. ಕುಳಿತ. ಸೀನಿದ. ಕೆಂಡದಂಥ ಕಣ್ಣು ಮಾಡಿಕೊಂಡು ಇಳಿದ.

"ಚನ್ನೇಶಪ್ಪಾರ, ಇದರಾಗ ಕುಂತ ಮದುಮಗಳು ಗಂಡನ ಮನಿಗೆ ಹೋಗೂಕಿಂತ ಮೊದಲ ಅಳತಾಳ. ಘಾಟು ತಗಸ್ರಿ, ನಾನ ತಗೋತೇನಿ," ಎಂದ.

ಗಿರಾಕಿ ಬಾರದ ದಿನವೂ ನಾನು ಬಸ್ಸು ಹತ್ತಿ ಬ್ಯಾಡಗಿಗೆ ಹೋಗುತ್ತಿದ್ದೆ. ಗಾಡಿಗೆ ಗಾಳಿ ಆಡಬೇಕು ಎಂದು ದುರ್ಗಾಳಿಗೆ ನೆಪ ಹೇಳುತ್ತಿದ್ದೆ. ನಿಜವಾಗಿ ಮಾಡುತ್ತಿದ್ದದ್ದು ಇಷ್ಟೇ: ಒಳಗೆ ಕೂಡುವುದು, ಬಾಗಿಲು ಧಡ್ ಎನಿಸುವುದು, ಅರ್ಧ ಗಂಟೆ ಅಳುವುದು. ಅಳಲು ಇಷ್ಟು ಅನುಕೂಲದ ಜಾಗ ಗಂಡಸಿಗೆ ಬೇರೆ ಎಲ್ಲಿ ಸಿಗುತ್ತದೆ? ಯಾರೂ ಯಾಕೆ ಎಂದು ಕೇಳುವುದಿಲ್ಲ.

ಕೊನೆಗೆ ದುರ್ಗಾ ಆಜ್ಞೆ ಹೊರಡಿಸಿದಳು. "ರಾಣೆಬೆನ್ನೂರಿಗೆ ಒಯ್ದು ತೊಳಸ್ರಿ. ಇಲ್ಲಾ, ನೀವೂ ಅಲ್ಲೇ ಗೋದಾಮಿನಾಗ ಇರ್ರಿ."

ಕಾರು ಚಾಲೂ ಆಗುವಂತಿರಲಿಲ್ಲ. ಬ್ರೇಕು ಒತ್ತಿದರೆ ವೈಪರು ಆಡುತ್ತಿತ್ತು. ಫಕ್ಕೀರಸಾಬ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದ. ಯಜಮಾನರು ಹೋದ ಮೇಲೆ ಗಾಡಿ ಮೊದಲ ಸಲ ಹೊರಗೆ ಬರುತ್ತಿದೆ ಎಂದು ಮೂತಿಗೆ ಚೆಂಡುಹೂವಿನ ಹಾರ ಬೇರೆ ಹಾಕಿದ. ಅವನು ಟ್ರ್ಯಾಕ್ಟರಿನ ಮೇಲೆ, ನಾನು ಸ್ಟೇರಿಂಗು ಹಿಡಿದು ಒಳಗೆ. ಗಾಡಿ ಕುಲುಕಿದಂತೆಲ್ಲ ಘಾಟು ಏಳುತ್ತಿತ್ತು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬದಿಯ ಚಹಾದಂಗಡಿಯವರು ಮುಂದೆ ಮೆಲ್ಲಗೆ ಹೋಗುವ ಟ್ರ್ಯಾಕ್ಟರು ನೋಡಿದರು, ಹಾರ ನೋಡಿದರು, ಬಿಕ್ಕಿ ಬಿಕ್ಕಿ ಅಳುವ ನನ್ನನ್ನು ನೋಡಿದರು. ಎಲ್ಲರೂ ಎದ್ದು, ಚಪ್ಪಲಿ ಬಿಟ್ಟು, ಕೈಮುಗಿದರು. ಒಬ್ಬ ಮುದುಕ ಒಳಗೆ ಹಣಕಿ, ಹೆಣ ಎಲ್ಲಿ ಎಂದು ಹುಡುಕಿದ.

ರಾಣೆಬೆನ್ನೂರಿನ ಮೆಕ್ಯಾನಿಕ್ ಜಹೀರ ಅಣ್ಣನ ಕಾಲದಿಂದಲೂ ಆ ಗಾಡಿ ನೋಡಿಕೊಂಡವನು. ನಾಲ್ಕು ದಿನ ಕೆಲಸ ಮಾಡಿ ಇಲಿ ತಿಂದ ವೈರು ಬದಲಿಸಿ, ಎಂಜಿನ್ ಎಬ್ಬಿಸಿ, ಕಂಪ್ರೆಸರಿನಿಂದ ಗಾಳಿ ಹೊಡೆದು ಸಂದುಗೊಂದಿನ ಧೂಳೆಲ್ಲ ಹೊರಗೆ ಹಾಕಿದ. ಓಣಿಗೆ ಓಣಿಯೇ ಸೀನಿತಂತೆ. ಆಮೇಲೆ ಸಾಬೂನು ನೀರು, ಆಮೇಲೆ ಎರಡು ದಿನ ಬಿಸಿಲು.

"ಎಲ್ಲಾ ತೊಳದೇನ್ರಿ. ಆದ್ರ ಆ ಬಲಗಡೆ ಸೀಟಿನ ಪ್ಲಾಸ್ಟಿಕ್ ಅಷ್ಟ ಮುಟ್ಟಿಲ್ಲ. ತಗೀಬ್ಯಾಡ ಅಂತ ಅಣ್ಣಾರು ಹೇಳಿದ್ರು."

"ಯಾಕಂತ?"

"ಚನ್ನೇಶ ಕುಂತ ಮ್ಯಾಲ ಅವನ ಕೈಲೆ ತಗಸ್ತೇನಿ ಅಂತಿದ್ರು. ನೀವು ರಿಟೈರ್ ಆಗೂತನಕ ದೀಪಾವಳಿಗೊಮ್ಮೆ ನನ್ನ ಕಡೆ ಸರ್ವಿಸ್ ಮಾಡಿಸಿ ಸೀದಾ ನಿಮ್ಮ ಕೋರ್ಟಿಗೆ ಹೋಗತಿದ್ರಲ್ಲ. ನೀವು ಸಿಗತಿದ್ದಿಲ್ಲೇನು?"

ಸಿಗುತ್ತಿರಲಿಲ್ಲ. ಕೋರ್ಟಿನ ಮುಂದೆ ಕೆಂಪು ಕಾರು ಕಂಡ ದಿನ ನಾನು ಹಿಂದಿನ ಗೇಟಿನಿಂದ ಮನೆಗೆ ಹೋಗುತ್ತಿದ್ದೆ.

ಅಷ್ಟರಲ್ಲಿ ಮಾಂತೇಶ ಬಂದ. ಸ್ಟೇರಿಂಗಿನ ಮುಂದೆ ಕುಳಿತು ಉದ್ದಕ್ಕೆ ಉಸಿರೆಳೆದ. ಸೀನಲಿಲ್ಲ. "ಭಾರೀ ಆತು. ಬರ್ರಿ, ಒಂದ ಸುತ್ತ ಹೊಡದ ಬರೋಣು. ಆಮ್ಯಾಲ ಕಾಗದ ಮಾಡೋಣು," ಎಂದ.

ನಾನು ಬಲಕ್ಕೆ ಕುಳಿತೆ. ಪ್ಲಾಸ್ಟಿಕ್ ಚರಚರ ಎಂದಿತು. ಗಾಡಿ ಬಸ್ ಸ್ಟ್ಯಾಂಡಿನ ರಸ್ತೆಗೆ ಬಂದಾಗ ಕೋರ್ಟಿನ ಕಾಲದ ಪರಿಚಯದವರೊಬ್ಬರು ಕೈ ಎತ್ತಿ ಕೂಗಿದರು. "ಏನ ಚನ್ನೇಶಪ್ಪಾರ, ಗಾಡಿ ಛಲೋ ಹೊಡೀತೀರಲ್ಲ!"

ನನ್ನ ಕಣ್ಣು ತುಂಬಿ ಹರಿಯಿತು. ಒರೆಸಿದೆ, ಮತ್ತೆ ಹರಿಯಿತು. ಮಾಂತೇಶ ಗಾಡಿ ನಿಲ್ಲಿಸಿದ.

"ಘಾಟು ಹೋಗೇ ಇಲ್ಲಲ್ರಿ," ಎಂದ.

"ನಿಮಗ ಬರಾಕತ್ತೈತೇನು?" ಎಂದೆ.

"ನನಗಿಲ್ಲ. ಹಂಗಾದ್ರ ನೀವ್ಯಾಕ ಅಳಾಕತ್ತೀರಿ?"

ಮೂವತ್ತೊಂದು ವರ್ಷ ಸಾಕ್ಷಿಗಳ ಪ್ರಮಾಣ ಟೈಪ್ ಮಾಡಿದವನು ನಾನು. ಆದರೂ ಸತ್ಯ ಬಾಯಿಗೆ ಬರಲಿಲ್ಲ. "ಮೆಣಸಿನಕಾಯಿರಿ," ಎಂದೆ. ವ್ಯಾಪಾರ ಅಲ್ಲಿಗೆ ಮುರಿಯಿತು.

ಮನೆಗೆ ಬಂದಾಗ ದುರ್ಗಾ ಬಾಗಿಲಲ್ಲೇ ಕೇಳಿದಳು. "ಮಾರಿದ್ರಿ?"

"ಇಲ್ಲ. ಘಾಟು ಹೋಗಿಲ್ಲ."

ಅವಳು ನನ್ನ ಅಂಗಿ ಮೂಸಿದಳು. "ಸಾಬೂನಿನ ವಾಸನಿ ಅಷ್ಟ ಐತಿ. ಏನಾತು, ಖರೇ ಹೇಳ್ರಿ."

ಎಲ್ಲ ಹೇಳಿದೆ. ಪ್ಲಾಸ್ಟಿಕ್ಕು, ದೀಪಾವಳಿ, ಹಿಂದಿನ ಗೇಟು. ಹೇಳಿ ಮುಗಿಸಿ, ಕೊನೆಯ ಆಸರೆ ಎಂಬಂತೆ, ಇಪ್ಪತ್ತೆರಡು ವರ್ಷ ಬಚ್ಚಿಟ್ಟ ಉಪಕಾರವನ್ನೂ ಹೊರಗೆ ತೆಗೆದೆ. "ನಿನ್ನ ಸಲುವಾಗಿ ಆಡಿದ ಜಗಳ ಅದು. ನೀ ಅವತ್ತ ಸೀರಿ ಉಟಗೊಂಡು, ಬುತ್ತಿ ಕಟಗೊಂಡು ಹೊಂಟ ನಿಂತಿದ್ದಿ. ಕುಂದ್ರಾಕ ಜಾಗಾ ಇರಲಿಲ್ಲ."

ದುರ್ಗಾ ಹಣೆ ಬಡಿದುಕೊಂಡಳು.

"ಬುತ್ತಿ ಅಲ್ಲರಿ ಅದು, ಜ್ವಾಳ. ನಾ ಗಿರಣಿಗೆ ಹೊಂಟಿದ್ದೆ. ಕಾರಿನಾಗ ಕುಂತ್ರ ನನಗ ವಾಂತಿ ಬರತೈತಿ, ಮದುವಿ ಆದಾಗಿಂದ ನಿಮಗ ಗೊತ್ತಿಲ್ಲೇನು?"

ನಾನು ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ. ಅವಳು ಪಕ್ಕದಲ್ಲಿ ಕುಳಿತು ಸೆರಗಿನ ತುದಿ ಕೈಗಿಟ್ಟಳು.

"ಒರಸ್ಕೋರಿ. ಮಂದಿ ಕೇಳಿದ್ರ, ಘಾಟು ಮನಿತನಕ ಬಂದೈತಿ ಅಂತ ಹೇಳತೇನಿ."