ನಾಲ್ವರು ಅಡಿವೆಪ್ಪ, ಒಂದು ಶಾಲು

ಒಂದೇ ಹೆಸರಿನ ನಾಲ್ಕು ಜನ ನಾಲ್ಕು ಕೆಲಸದಲ್ಲಿ ಹೆಸರು ಮಾಡಿದರೆ, ಅವರೊಳಗೆ ಯಾರ ಹೆಸರು ಸಣ್ಣದೋ ಅವನ ಪಾಡು ನಾಯಿಪಾಡು. ಆ ಸಣ್ಣವನು ನಾನು. ಆದ್ದರಿಂದ ಇಂಥ ಫಜೀತಿಗಳು ನನ್ನ ಮನೆ ಹುಡುಕಿಕೊಂಡು ಬರುವುದು ಇವತ್ತಿಗೂ ನಿಂತಿಲ್ಲ.

ನನ್ನ ಹೆಸರು ಅಡಿವೆಪ್ಪ. ಮೂಡಲಗಿಯಲ್ಲಿ ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಬಯಲಾಟದ ಮೇಳ, ಭಜನೆ, ಮಠದ ಪ್ರಾರ್ಥನೆ, ಯಾರದೋ ಸತ್ಕಾರದ ಸ್ವಾಗತಗೀತೆ, ಎಲ್ಲಿ ಕರೆದರೂ ಪೇಟಿ ಹೊತ್ತುಕೊಂಡು ಹೋಗುತ್ತ ನಲವತ್ತು ವರ್ಷ ಕಳೆದೆ. ಉಳಿದ ಮೂವರು ಅಡಿವೆಪ್ಪಗಳು ದೊಡ್ಡವರು. ಮಸಗುಪ್ಪಿಯವರು ಪೈಲ್ವಾನರು. ಕೊಲ್ಹಾಪುರದ ಕಡೆಯ ಮಲ್ಲರನ್ನೂ ಮಣ್ಣು ಮುಕ್ಕಿಸಿದವರು. ಗೋಕಾಕದವರು ದನದ ಡಾಕ್ಟರು. ಹುಕ್ಕೇರಿಯವರು ಪ್ರವಚನಕಾರರು. ಅವರು ಮಾತು ಶುರು ಮಾಡಿದರೆ ಹೆಣ್ಣುಮಕ್ಕಳು ಒಲೆಯ ಮೇಲೆ ಸಾರು ಇಟ್ಟಿದ್ದನ್ನೇ ಮರೆಯುತ್ತಾರೆ.

ಒಮ್ಮೆ ಯಾವುದೋ ಭಜನಾ ಸ್ಪರ್ಧೆಯ ಕರಪತ್ರದಲ್ಲಿ 'ಸಂಪರ್ಕಿಸಿರಿ: ಅಡಿವೆಪ್ಪ' ಎಂದು ನನ್ನ ನಂಬರು ಹಾಕಿದರು. ಅಷ್ಟೇ ಸಾಕಾಯಿತು. ಸುತ್ತಲಿನ ಮೂರೂ ತಾಲೂಕಿನ ಮಂದಿಯ ಮೊಬೈಲಿನಲ್ಲಿ ನಾನು ಬರೀ 'ಅಡಿವೆಪ್ಪ' ಆಗಿ ಕೂತುಬಿಟ್ಟೆ. ಯಾರಿಗೆ ಯಾವ ಅಡಿವೆಪ್ಪ ಬೇಕಾದರೂ ಫೋನು ಬರುವುದು ನನಗೆ.

ಎಮ್ಮೆ ಈದ ದಿನ

ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದೆ. ತುಕ್ಕಾನಟ್ಟಿಯಿಂದ ಫೋನು.

"ಡಾಕ್ಟರ್ ಸಾಹೇಬ್ರ, ಎಮ್ಮಿ ಭಾಳ ತ್ರಾಸ ಮಾಡ್ಕೊಳ್ಳಾಕತ್ತೈತ್ರಿ. ಈಯವಲ್ದು. ಲಗೂನ ಬರ್ರಿ."

"ನಾ ಡಾಕ್ಟರ್ ಅಲ್ರಿ, ಪೇಟಿ ಬಾರಸಾಂವ. ಗೋಕಾಕದ ಡಾಕ್ಟರ ನಂಬರ ಕೊಡ್ತೇನಿ, ಬರಕೊಳ್ರಿ."

"ಅದೆಲ್ಲಾ ಆಮ್ಯಾಲ ಹೇಳ್ರಿ. ನಮ್ಮ ತಮ್ಮ ಗಾಡಿ ತೊಗೊಂಡ ನಿಮ್ಮ ಮನಿ ಮುಂದ ನಿಂತಾನ."

ಹೊರಗೆ ಬಂದು ನೋಡಿದರೆ ಖರೇನೇ ಒಬ್ಬ ಬೈಕು ಶುರು ಇಟ್ಟುಕೊಂಡೇ ನಿಂತಿದ್ದ. ಡಾಕ್ಟರು ಮೂಡಲಗಿಯವರೇ ಅಂದುಕೊಂಡು ಅಡಿವೆಪ್ಪನ ಮನೆ ಯಾವುದು ಎಂದು ಕೇಳಿದ್ದಾನೆ, ಯಾರೋ ತೋರಿಸಿದ್ದಾರೆ. ನಾನು ಡಾಕ್ಟರ್ ಅಲ್ಲ ಎಂದು ಅವನಿಗೂ ಕೈಮುಗಿದು ಹೇಳಿದೆ. "ಡಾಕ್ಟರ್ ಮಂದಿ ಬರೂದ ತಪ್ಪಸಾಕ ಏನೇನರೆ ಹೇಳ್ತಾರ್ರಿ. ಹತ್ರಿ, ಹತ್ರಿ" ಅಂದ. ಹತ್ತಿದೆ. ದಾರಿಯಲ್ಲಿ ಡಾಕ್ಟರಿಗೆ ಫೋನು ಮಾಡಿದರೆ ಅವರು ಇನ್ನೆಲ್ಲೋ ಯಾರದೋ ಆಕಳ ಹತ್ತಿರ ಇದ್ದರು.

ಕೊಟ್ಟಿಗೆಯಲ್ಲಿ ಓಣಿಗೆ ಓಣಿಯೇ ಸೇರಿತ್ತು. ನನ್ನನ್ನು ಕಂಡವರೇ ದಾರಿ ಬಿಟ್ಟರು. ನನಗೆ ಏನು ಗೊತ್ತು? ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟೆ. ಹೆದರಿಕೆಯಾದಾಗ ಸಣ್ಣಗೆ ಆಲಾಪ ಮಾಡುವುದು ನನ್ನ ಚಟ, ಅದನ್ನೇ ಮಾಡಿದೆ. ಎಮ್ಮೆ ಒಮ್ಮೆ ನನ್ನ ಮುಖ ನೋಡಿತು. ಸ್ವಲ್ಪ ಹೊತ್ತಿಗೆ ಕರು ತಾನಾಗಿ ಜಾರಿ ಹೊರಗೆ ಬಂತು.

ಮನೆಯ ಮುದುಕಿ ನನಗೆ ದೃಷ್ಟಿ ತೆಗೆದಳು. "ಏನ್ ಕೈಗುಣ ಐತೋ ಯಪ್ಪಾ ನಿಂದು! ಸೂಜಿ ಇಲ್ಲ, ಔಷಧ ಇಲ್ಲ!"

"ಯವ್ವಾ, ನಾ ಪೇಟಿ ಮಾಸ್ತರ."

"ಇರ್ಲಿ ಬಿಡೋ ಎಪ್ಪಾ. ಹೊಟ್ಟಿಪಾಡಿಗೆ ಮನಷ್ಯಾ ನಾಕ ಕೆಲಸಾ ಮಾಡಬೇಕಾಕ್ಕೈತಿ."

ಗಿಣ್ಣದ ಹಾಲು ಕೊಟ್ಟು ಕಳಿಸಿದರು. ಕೈಗುಣ ಎಂಬ ಮಾತನ್ನು ನನಗೆ ಆ ಮುದುಕಿ ಅಂದದ್ದೇ ಮೊದಲು. ಪೇಟಿಯ ಮೇಲೆ ಆಡಿದ ಈ ಬೆರಳುಗಳಿಗೆ ಯಾರೂ ಅಂದಿರಲಿಲ್ಲ, ಎಮ್ಮೆಯ ಬೆನ್ನಿನ ಮೇಲೆ ಇಟ್ಟಾಗ ಬಂತು. ಬೈಕಿನ ಹಿಂದೆ ಕೂತು ಬರುವಾಗ ನಗು ಬಂತು, ಆಮೇಲೆ ಯಾಕೋ ಬೇಜಾರೂ ಆಯಿತು.

ಆ ಎಮ್ಮೆಯ ಮುಂದಿನ ಸೂಲಿನ ಹೊತ್ತಿಗೆ ಗೋಕಾಕದ ಡಾಕ್ಟರೇ ನನಗೆ ಫೋನು ಮಾಡಿದರು. "ಮಾಸ್ತರ, ತುಕ್ಕಾನಟ್ಟಿಗಿ ನೀವ ಹೋಗಿ ಬರ್ರಿ. ಅಲ್ಲಿ ನನಗ ಕೊಟಗಿ ಒಳಗ ಬಿಡವಲ್ರು."

ಅರ್ಧ ತಾಸಿನ ಶಾಲು

ಶ್ರಾವಣದಲ್ಲಿ ಘೋಡಗೇರಿಯಲ್ಲಿ ಪ್ರವಚನ. ಹುಕ್ಕೇರಿಯ ಅಡಿವೆಪ್ಪನವರದು ಮಾತು, ಪ್ರಾರ್ಥನೆಗೆ ನನ್ನದು ಪೇಟಿ. ಪ್ರಾರ್ಥನೆ ಮುಗಿಯಿತು. ಪ್ರವಚನಕಾರರ ಗಾಡಿ ದಾರಿಯಲ್ಲೇ ಕೆಟ್ಟು ನಿಂತಿತ್ತು. ನಿರೂಪಣೆಗೆ ನಿಂತವನು ಹೊಸ ಹುಡುಗ. 'ಅಡಿವೆಪ್ಪನವರಿಗೆ ಶಾಲು ಹಾಕಿ ಮೈಕು ಕೊಡು' ಎಂದು ಹಿರಿಯರು ಅವನಿಗೆ ಮೊದಲೇ ಹೇಳಿದ್ದರು. ಅವನು ವೇದಿಕೆಯ ಮೇಲೆ ಸುತ್ತ ನೋಡಿ, "ಇಲ್ಲಿ ಅಡಿವೆಪ್ಪನವರು ಯಾರ್ರಿ?" ಎಂದು ಕೇಳಿದ.

"ನಾನ" ಅಂದೆ. ಸುಳ್ಳೇನಲ್ಲವಲ್ಲ.

ಹೆಗಲ ಮೇಲೆ ಶಾಲು ಬಿತ್ತು, ಕೈಗೆ ಮೈಕು ಬಂತು. ಮಂದಿ ಕೈಮುಗಿದು ಕಾಯುತ್ತಿದ್ದಾರೆ. ಭಾಷಣ ನನ್ನ ಜನ್ಮದಲ್ಲಿ ಮಾಡಿದವನಲ್ಲ. ಮೈಕನ್ನು ಪೇಟಿಯ ಮುಂದೆ ಇಟ್ಟು ವಚನ ಹಾಡತೊಡಗಿದೆ. ಒಂದು ಮುಗಿದರೆ ಇನ್ನೊಂದು. ಅರ್ಧ ತಾಸು ಆಗಿರಬೇಕು, ಮಂದಿ ತಲೆದೂಗುತ್ತಿದ್ದರು. ಹಾಡುತ್ತ ಹಾಡುತ್ತ ಗಲ್ಲದಿಂದ ಶಾಲನ್ನು ಮುಟ್ಟಿ ನೋಡಿದೆ. ಮೆತ್ತಗಿತ್ತು.

ಅಷ್ಟರಲ್ಲಿ ಹುಕ್ಕೇರಿಯವರು ಬಂದರು. ಹಿರಿಯರೊಬ್ಬರು ನನ್ನ ಹಿಂದೆ ಬಂದು ಬಗ್ಗಿ, ಕಿವಿಯಲ್ಲಿ, "ಮಾಸ್ತರ, ಸಿಟ್ಟಾಗಬ್ಯಾಡ್ರಿ. ಶಾಲು ಒಂದ ತಂದೇವಿ" ಅಂದರು. ನನ್ನ ಹೆಗಲಿಂದ ಅದನ್ನು ತೆಗೆದು, ಒಂದು ಸಲ ಜಾಡಿಸಿ, ಮಡಚಿ, ಅವರಿಗೆ ಹಾಕಿದರು. ಎಲ್ಲರ ಮುಂದೆ. ನಾನು ನಕ್ಕೆ. ನಾನು ನಕ್ಕಿದ್ದಕ್ಕೆ ಎಲ್ಲರೂ ನಕ್ಕರು.

ಮನೆಗೆ ಬಂದು ಹೆಂಡತಿಯ ಮುಂದೆ ಇದನ್ನು ಚೇಷ್ಟೆ ಮಾಡಿ ಹೇಳಿದೆ. ಅವಳು ನಗಲಿಲ್ಲ.

"ನಲವತ್ತ ವರ್ಷ ಮಂದಿ ಸತ್ಕಾರಕ್ಕ ಸ್ವಾಗತಗೀತೆ ಬಾರಿಸೀರಿ. ನಿಮ್ಮ ಹೆಸರ್ಲೆ ಒಂದ ಶಾಲು ಈ ಮನಿಗಿ ಬರೂದ ನಾ ನೋಡ್ತೇನೋ ಇಲ್ಲೋ" ಅಂದಳು.

ಅಲ್ಲಿಯವರೆಗೆ ನನಗೆ ಅಂಥ ಆಸೆ ಇರಲಿಲ್ಲ ಅಂದರೆ ನಂಬಬೇಡಿ, ಇತ್ತು. ಆದರೆ ಬಾಯಿಬಿಟ್ಟು ಯಾರೂ ಅಂದಿರಲಿಲ್ಲ. ಅಂದ ಮೇಲೆ ಅದು ಒಳಗೆ ಕೂತು ಕೊರೆಯತೊಡಗಿತು. ಎಲ್ಲಿ ಸತ್ಕಾರವಾದರೂ ಶಾಲಿನ ಬಣ್ಣ ನೋಡುವವನಾದೆ.

"ಶಾಲು ತಗದ ಕೂಡಲೆ ಸುಮ್ಮನ ಕುಂತ್ರಿ?" ಎಂದು ಅವಳು ಅವತ್ತೇ ಉಣ್ಣುವಾಗ ಮತ್ತೆ ಕೇಳಿದಳು. "ಎಮ್ಮಿ ಮ್ಯಾಲಿನ ಜೂಲಾ ತಗದ್ರ ಅದು ಸುದ್ದಾ ಕೋಡ ಅಲಗಾಡಸ್ತೈತಿ."

ಹೆಸರು ಒಂದೇ, ಹೊಟ್ಟೆ ಬೇರೆ

ಹುಕ್ಕೇರಿ ಕಡೆಯ ಒಂದು ಹಳ್ಳಿಯಿಂದ ಫೋನು ಬಂತು. "ಅಡಿವೆಪ್ಪನವರ, ನಮ್ಮೂರ ಕಾರ್ಯಕ್ರಮಕ್ಕ ನೀವ ಬರಬೇಕ್ರಿ. ನೀವ ಬಂದ ಕುಂತ್ರನ ಕಳೆ. ಗಾಡಿ ಕಳಸ್ತೇವಿ."

ಯಾವ ಕಾರ್ಯಕ್ರಮ ಎಂದು ಕೇಳಲಿಲ್ಲ. ಭಜನೆ ಇರಬೇಕು ಅಂದುಕೊಂಡೆ. ಗಾಡಿ ಕಳಿಸುತ್ತಾರೆ ಅಂದದ್ದಕ್ಕೇ ಉಬ್ಬಿಹೋಗಿದ್ದೆ. ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾರಿನಲ್ಲಿ ಹೋದೆ. ಇಳಿದರೆ ಹಲಗೆ ಬಾರಿಸುತ್ತಿದ್ದಾರೆ, ಮೈಗೆ ಮಣ್ಣು ಮೆತ್ತಿಕೊಂಡ ಗಟ್ಟಿ ಹುಡುಗರು ತೊಡೆ ತಟ್ಟುತ್ತಿದ್ದಾರೆ. ಕುಸ್ತಿ ಮೈದಾನ!

ಹಾರ ಹಿಡಿದು ನಿಂತವರು ನನ್ನನ್ನು ದಾಟಿ ಕಾರಿನ ಒಳಗೆ ಇಣುಕಿದರು. "ಪೈಲ್ವಾನ್ರು ಹಿಂದಿನ ಗಾಡ್ಯಾಗ ಬರಾಕತ್ತಾರೇನ್ರಿ?"

ನನ್ನ ಮೈಕಟ್ಟು ನೋಡಿದವರಿಗೆ ಉತ್ತರ ಹೇಳುವ ಅಗತ್ಯವಿರಲಿಲ್ಲ. ಆದರೂ ಮರ್ಯಾದೆಯ ಮಂದಿ. ಕರೆಸಿದವರನ್ನು ಹಾಗೇ ಕಳಿಸಬಾರದು ಎಂದು ಪೈಲ್ವಾನರಿಗೆ ಮಾಡಿದ್ದ ಥಂಡಾಯಿಯನ್ನು ನನ್ನ ಕೈಗೆ ಕೊಟ್ಟರು. ದೊಡ್ಡ ಹಿತ್ತಾಳೆ ತಂಬಿಗೆ. ಅರೆದ ಬದಾಮಿ, ಗಸಗಸೆ, ಗಟ್ಟಿ ಹಾಲು, ಮೇಲೆ ತುಪ್ಪ. ಉಳಿಸಿದರೆ ಅಪಮಾನ ಮಾಡಿದಂತಾದೀತು ಎಂದು ಪೂರ್ತಿ ಕುಡಿದೆ. ಆಮೇಲೆ ಮೈದಾನದಲ್ಲಿ ಯಾರು ಗೆದ್ದರು, ಯಾರು ಬಿದ್ದರು, ನನಗೆ ಗೊತ್ತಿಲ್ಲ. ನಾನು ಬಿದ್ದದ್ದು ಗೊತ್ತು.

ಫೋನು ಹೋಗಿ ಮಸಗುಪ್ಪಿಯ ಪೈಲ್ವಾನರು ಬಂದಾಗ ಬೇವಿನ ಗಿಡದ ಬುಡದಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಅವರು ಖಾಲಿ ತಂಬಿಗೆ ನೋಡಿದರು, ನನ್ನನ್ನು ನೋಡಿದರು. ಒಂದು ಕೈಯಲ್ಲಿ ಪೇಟಿ ಎತ್ತಿಕೊಂಡರು, ಇನ್ನೊಂದು ಕೈಯಲ್ಲಿ ನನ್ನನ್ನು. ತಮ್ಮ ಗಾಡಿಯಲ್ಲೇ ಮೂಡಲಗಿಯವರೆಗೆ ತಂದು ಬಿಟ್ಟರು. ದೊಡ್ಡ ಮನುಷ್ಯ. ಅಂದಿನಿಂದ ನಮಗೆ ದೋಸ್ತಿ.

"ಮಾಸ್ತರ, ಇನ್ನ ಮ್ಯಾಲ ಸತ್ಕಾರ, ಉದ್ಘಾಟನಾ ಅಂತ ಯಾರರೆ ಫೋನ್ ಹಚ್ಚಿದ್ರ ಹಿಂದಮುಂದ ನೋಡಬ್ಯಾಡ. ನನ್ನ ನಂಬರ ಕೊಟ್ಟಬಿಡು" ಅಂದರು ಇಳಿಸುವಾಗ. "ಹೆಸರು ಒಂದ ಇದ್ರ ಏನಾತು, ನಿನ್ನ ಹೊಟ್ಟಿ ಬ್ಯಾರೆ ಐತಿ."

ಗೋಕಾಕದ ಸತ್ಕಾರ

ಹೋದ ವರ್ಷದ ಮಾತು. ಗೋಕಾಕದ ಒಂದು ಸಂಘದವರ ಫೋನು.

"ಅಡಿವೆಪ್ಪನವರೇನ್ರಿ? ನಮ್ಮ ಸಂಘದ ವಾರ್ಷಿಕೋತ್ಸವ ಐತ್ರಿ. ಇಷ್ಟ ವರ್ಷ ನೀವು ಮಾಡಿದ ಸೇವಾಕ್ಕ ಒಂದ ಸತ್ಕಾರ..."

"ಸತ್ಕಾರ ಅಂದ್ರ ನಾ ಅಲ್ರಿ. ಮಸಗುಪ್ಪಿ ಅಡಿವೆಪ್ಪನವರು. ನಂಬರ ಬರಕೊಳ್ರಿ."

"ಅಲ್ರಿ, ನಮಗ ಹೇಳಿದ್ದು ಮೂಡಲಗಿ..."

"ಎಲ್ಲಾರೂ ಹಂಗ ಅಂತಾರ್ರಿ. ನನಗ ರೂಢಿ ಐತಿ. ಬರಕೊಳ್ರಿ" ಎಂದು ನಂಬರು ಹೇಳಿ, ಚಲೋ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ಫೋನು ಇಟ್ಟೆ.

ಎರಡು ದಿನ ಬಿಟ್ಟು ಅದೇ ಸಂಘದ ಇನ್ನೊಬ್ಬನ ಫೋನು. ಸ್ವಾಗತಗೀತೆಗೆ ಪೇಟಿಯವರು ಬೇಕಂತೆ. "ಹಾಂ, ಅದು ನಾನ" ಅಂದೆ.

ಗೋಕಾಕದ ಸಭಾಗೃಹ ತುಂಬಿತ್ತು. ಮಸಗುಪ್ಪಿಯಿಂದ ಟ್ರ್ಯಾಕ್ಟರ್ ತುಂಬ ಮಂದಿ ಬಂದಿದ್ದರು. ಪೈಲ್ವಾನರು ಕೆಂಪು ರುಮಾಲು ಸುತ್ತಿ, ವೇದಿಕೆಯ ಮೇಲೆ ಎರಡು ಕುರ್ಚಿಯ ಜಾಗ ಹಿಡಿದು ಕೂತಿದ್ದರು. ನಾನು ಕೆಳಗೆ ಮೂಲೆಯಲ್ಲಿ ಜಮಖಾನೆಯ ಮೇಲೆ ಕೂತು ಅವರಿಗೆ ಸ್ವಾಗತ ಬಾರಿಸಿದೆ. ಅವರು ಅಲ್ಲಿಂದಲೇ ಕಣ್ಣು ಹೊಡೆದರು.

ನಿರೂಪಕ ಪರಿಚಯ ಓದತೊಡಗಿದ. "ಬಡತನದಲ್ಲಿ ಹುಟ್ಟಿ, ಬಾಲ್ಯದಲ್ಲೇ ಪೇಟಿಗೆ ಮನಸೋತು..."

ನಾನು ತಲೆ ಎತ್ತಿದೆ.

"ನಲವತ್ತು ವರ್ಷ ಬಯಲಾಟ, ಭಜನೆಗಳಿಗೆ ತಮ್ಮ ಬೆರಳುಗಳನ್ನೇ ಸವೆಸಿ, ಬಡ ಮಕ್ಕಳಿಗೆ ಬಿಡಿಗಾಸೂ ಕೇಳದೆ ಸ್ವರ ಕಲಿಸಿದ..."

ಒಂದೊಂದು ಮಾತೂ ನನ್ನದು. ಯಾರೋ ನನ್ನ ಬಗ್ಗೆ ಊರೂರು ತಿರುಗಿ ಕೇಳಿ, ಪ್ರೀತಿಯಿಂದ ಬರೆದಿದ್ದರು. ನನ್ನ ಬಗ್ಗೆ ಇಷ್ಟು ಚಂದ ಬರೆಯಬಹುದು ಎಂದು ನನಗೇ ಗೊತ್ತಿರಲಿಲ್ಲ. ಅಯ್ಯೋ, ಆ ಫೋನಿನ ಮಾತನ್ನು ಪೂರ್ತಿ ಕೇಳಿದ್ದರೆ!

ಪೈಲ್ವಾನರು ಮಾತ್ರ ಕೈಮುಗಿದು ನಗುತ್ತ ಕೂತಿದ್ದರು. ಸತ್ಕಾರದಲ್ಲಿ ಇಲ್ಲದ್ದನ್ನು ಹೊಗಳುವುದು ಅವರು ಎಷ್ಟೋ ಕಂಡಿದ್ದರು, ಇದೂ ಒಂದು ಅಂದುಕೊಂಡಿರಬೇಕು. ಮಸಗುಪ್ಪಿಯ ಮಂದಿ, ನಮ್ಮ ಪೈಲ್ವಾನರು ಇದನ್ನೆಲ್ಲ ಯಾವಾಗ ಕಲಿತರಪ್ಪಾ ಎಂದು ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ಜೋರಾಗಿ ಸಿಳ್ಳೆ ಹಾಕಿದರು. ಶಾಲು ಹೊದಿಸಿದರು. ನೀಲಿ ಬಣ್ಣ, ಜರಿಯ ಅಂಚು. ಹಿತ್ತಾಳೆಯಲ್ಲಿ ಮಾಡಿದ ಪುಟ್ಟ ಪೇಟಿಯೊಂದನ್ನು ನೆನಪಿನ ಕಾಣಿಕೆ ಎಂದು ಕೊಟ್ಟರು. ಪೈಲ್ವಾನರು ಅದನ್ನು ತಿರುಗಿಸಿ, ಅಡಕೆ ಇಡುವ ಡಬ್ಬಿ ಇರಬೇಕೆಂದು ಮುಚ್ಚಳ ಹುಡುಕಿದರು.

"ಈಗ ಸತ್ಕಾರಮೂರ್ತಿಗಳು ಎರಡು ನಿಮಿಷ ಪೇಟಿ ನುಡಿಸಿ ನಮ್ಮನ್ನು ಧನ್ಯರನ್ನಾಗಿ ಮಾಡಬೇಕು" ಎಂದ ನಿರೂಪಕ. ನನ್ನ ಕಡೆ ತಿರುಗಿ, "ಏ ಮಾಸ್ತರ, ಆ ಪೇಟಿ ಮ್ಯಾಲ ತರ್ರಿ" ಅಂದ.

ನನ್ನ ಪೇಟಿಯನ್ನು ನಾನೇ ಹೊತ್ತು ತಂದು ಪೈಲ್ವಾನರ ಮುಂದೆ ಇಟ್ಟೆ. ಅವರ ಮುಖ ಬೆವೆತಿತ್ತು. ಎಂಥ ಕುಸ್ತಿಯಲ್ಲೂ ಅವರನ್ನು ಹಾಗೆ ಕಂಡವರಿಲ್ಲ.

"ಮಾಸ್ತರ," ಎಂದು ಮೆಲ್ಲಗೆ ಅಂದರು, "ಇದು ನಿನ್ನ ಸತ್ಕಾರ ಐತಲ್ಲೋ. ಮೈಕಿನ್ಯಾಗ ಹೇಳಿಬಿಡ್ತೇನಿ."

ಹೂಂ ಅನ್ನಲು ಬಾಯಿ ತೆರೆದೆ. ಆದರೆ ಅವರ ಮೊಮ್ಮಗಳು ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಹಿಂದೆ ಟ್ರ್ಯಾಕ್ಟರಿನ ಮಂದಿ. ಅಷ್ಟು ಜನರ ಮುಂದೆ ಆ ಹೆಗಲಿಂದ ಶಾಲು ತೆಗೆಸುವುದೆಂದರೆ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ಬ್ಯಾಡ್ರಿ. ಸುಮ್ಮನಿರ್ರಿ" ಅಂದೆ. ಅಂದ ಮರುಗಳಿಗೆಯೇ ಹೊಟ್ಟೆ ಉರಿಯಿತು. ಇವತ್ತಿಗೂ ಉರಿಯುತ್ತದೆ.

ಪೈಲ್ವಾನರು ಮೈಕು ಹಿಡಿದು, "ನನ್ನ ಕೈ ಉಳಕೈತ್ರಿ. ನನ್ನ ಪರವಾಗಿ ಇಂವ ಬಾರಸ್ತಾನ" ಅಂದರು. ನಿರೂಪಕ ಸುಮ್ಮನಿರಬೇಕೋ ಬೇಡವೋ? "ಗುರುಗಳ ಅಪ್ಪಣೆಯಂತೆ ಈಗ ಶಿಷ್ಯರು ನುಡಿಸುತ್ತಾರೆ" ಎಂದು ಸೇರಿಸಿದ.

ಬಾರಿಸಿದೆ. ಸಿಟ್ಟು, ದುಃಖ, ಎಲ್ಲ ಬೆರಳಿಗೆ ಬಂದಿತ್ತು. ಅಂಥ ಭೈರವಿ ನಾನು ಅದಕ್ಕೆ ಮೊದಲು ಬಾರಿಸಿರಲಿಲ್ಲ, ಆಮೇಲೂ ಬಾರಿಸಿಲ್ಲ. ಮುಗಿದ ಮೇಲೆ ಚಪ್ಪಾಳೆ ನಿಲ್ಲಲೇ ಇಲ್ಲ.

ಮೊದಲನೆಯ ಸಾಲಿನಲ್ಲಿದ್ದ ಒಬ್ಬ ಮುದುಕರು, ಸಂಗೀತ ಬಲ್ಲವರು, ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ನಾನು ಎದ್ದು ನಿಂತೆ. ಅವರು ನನ್ನನ್ನು ದಾಟಿ ಹೋಗಿ ಪೈಲ್ವಾನರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

"ಶಿಷ್ಯಾನ ಹಿಂಗ ಬಾರಸ್ತಾನಂದ್ರ ಗುರುವಿನ ಕೈ ಇನ್ನ ಹೆಂಗಿರಬೇಕ್ರಿ!" ಅಂದರು.

ಹೋಗುವಾಗ ನನ್ನ ಹತ್ತಿರವೂ ನಿಂತರು. ನನ್ನ ನರೆತ ತಲೆಯ ಮೇಲೆ ಕೈಯಿಟ್ಟು, "ಚಲೋ ಬಾರಸ್ತಿ ತಮ್ಮಾ. ಇವರ ಕಾಲ ಬಿಡಬ್ಯಾಡ. ಹಿಂಗ ಕಲಕೋತ ಹೋದ್ರ, ನಾಳೆ ನಿನ್ನನ್ನೂ ಯಾರರೆ ಕರದ ಸತ್ಕಾರ ಮಾಡ್ತಾರ" ಅಂದರು.