ಅಂಗಳದ ಗೂಟ

ಇಷ್ಟಕ್ಕೆಲ್ಲ ಮೂಲ ಒಂದು ಹಂದಿ.

ಸೆಮಿಸಿಯ ಅವ್ವ ಲೂಪೆಗೆ ಅಂದು ಎಂಬತ್ತು ತುಂಬಿತ್ತು. ಆಕ್ಲೆಂಡ್ ಊರು ಬೆಳೆದಂತೆ ಅದರ ಕೊಳಚೆಯೂ ಬೆಳೆದು, ಅದು ಹರಿಯಲು ನೆಲದಡಿ ಸುರಂಗ ಕೊರೆಯುವ ಕೆಲಸ ಮಗನ ಪಾಲಿಗೆ ಬಂದಿತ್ತು. ಬೆಳಕು ಹರಿಯುವ ಮುಂಚೆ ಇಳಿದರೆ ಕತ್ತಲಾದ ಮೇಲೆ ಹತ್ತುವವನು. "ಉಡುಗೊರೆ ಏನೂ ಬ್ಯಾಡ ಕಣಪ್ಪ. ನಮ್ ದ್ವೀಪದಲ್ಲಿ ಮಾಡೋ ಹಾಗೆ ನೀನೇ ಅಂಗಳದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಹಂದಿ ಬೇಯಿಸಿ, ಹಗಲು ಹೊತ್ತಲ್ಲಿ ನನ್ ಪಕ್ಕ ಕೂತು ಉಣ್ಣು" ಅಂದಿದ್ದಳು ಅವ್ವ.

ಆದರೆ ಕೊರೆಯುವ ಯಂತ್ರ ಮರುದಿನವೇ ಅವರ ಬೀದಿಯ ಕೊನೆಯಲ್ಲಿ ಸುರಂಗಕ್ಕೆಂದೇ ತೋಡಿದ್ದ ಬಾವಿಯಲ್ಲಿ ಗೋಡೆ ಒಡೆದು ಹೊರಬರಲಿತ್ತು. ಅದರ ಬಾಯಿಂದ ಮೊದಲು ಆಚೆ ಕಾಲಿಡುವವನು ಸೆಮಿಸಿ ಎಂದು ಗೆಳೆಯರು ಗೊತ್ತುಮಾಡಿದ್ದರು. ಅದಕ್ಕೆಂದೇ ಅವನ ಬಿಳಿ ಅಂಗಿ ಇಸ್ತ್ರಿಯಾಗಿ ತೂಗುತ್ತಿತ್ತು. ಇಂಥ ಹೊತ್ತಲ್ಲಿ ರಜೆ ಕೊಡುವವರಾರು?

"ಸೊಂಟ ಹಿಡ್ಕೊಂಡಿದೆ ಬಾಸ್. ಇವತ್ತೊಂದಿನ ಮಲಗಿದ್ರೆ ಸರಿಹೋಗುತ್ತೆ" ಎಂದು ಮೇಲ್ವಿಚಾರಕ ಡಾರ್ಸಿಗೆ ಫೋನು ಮಾಡಿ, ಸೆಮಿಸಿ ಗುದ್ದಲಿ ಹಿಡಿದ.

ನೆಲ ಕುಸಿದರೆ ತಿಳಿಯಲೆಂದು ಕಂಪನಿಯವರು ಆ ಅಂಗಳದಲ್ಲೊಂದು ಗೂಟ ನೆಟ್ಟಿದ್ದರು; ಅದು ಅಲುಗಿದರೆ ಕೆಳಗೆ ಯಂತ್ರದವರಿಗೆ ಸುದ್ದಿ ಮುಟ್ಟುತ್ತಿತ್ತು. ಗುದ್ದಲಿ ಅದಕ್ಕೇ ತಗುಲಬೇಕೇ! ಬೆಳಿಗ್ಗೆಯಿಂದ ಕಪಾಟಿನ ಲೋಟಗಳನ್ನು ಕುಣಿಸುತ್ತಿದ್ದ ನೆಲ ಥಟ್ಟನೆ ಸುಮ್ಮನಾಯಿತು. ಅಡಿಯಲ್ಲಿ ಯಂತ್ರ ನಿಂತುಬಿಟ್ಟಿತ್ತು.

"ಬಾಸ್ ಬರ್ತಾನೆ! ಕೆಟ್ಟೆ!"

"ಹೋಗಿ ಮಲಗೋ, ಉಳಿದಿದ್ದು ನಂಗೆ ಬಿಡು" ಎಂದಳು ಪಕ್ಕದ ಮನೆಯ ಲೋಸೆ. ಊರ ಉಸಾಬರಿಯೆಲ್ಲ ಅವಳದೇ. ಡಾರ್ಸಿ ಬಂದಾಗ ಚರ್ಚಿನ ಹಾಡುವ ಹೆಂಗಸರೆಲ್ಲ ಮಂಚ ಸುತ್ತುವರಿದು ಹಾಡುತ್ತಿದ್ದರು. ಸೊಂಟನೋವಿಗೆ ಹಾಡಬೇಕಾದ ಹಾಡು ಯಾರಿಗೂ ತಿಳಿಯದೆ, ಮಣ್ಣು ಮಾಡುವಾಗಿನದನ್ನೇ ಹಿಡಿದಿದ್ದರು.

ಹೊದಿಕೆಯಿಂದ ಸೆಮಿಸಿಯ ಕೆಸರುಗಾಲು ಇಣುಕುತ್ತಿತ್ತು. ಅವ್ವ ಮೆಲ್ಲನೆ ಬಂದು ಅದರ ಮೇಲೆಯೇ ಕೂತಳು.

"ಗೂಟದ ಹತ್ರ ಗುಂಡಿ ತೋಡಿದ್ದು ಯಾರು?" ಕೇಳಿದ ಡಾರ್ಸಿ.

ಹಾಡು ನಿಂತಿತು. ಎಂಬತ್ತು ವರ್ಷ ಒಂದೂ ಸುಳ್ಳಾಡದ ಲೂಪೆ ತಲೆಯೆತ್ತಿದಳು. "ನಾನೇ ಕಣಪ್ಪ. ಪಾಪ, ಇವನ ಕೈಲಿ ಗುದ್ದಲಿ ಎತ್ತೋಕಾಗ್ಬೇಕಲ್ಲ."

ಡಾರ್ಸಿಯ ಕಣ್ಣು ತುಂಬಿ ಬಂತು. ನೆಲ ಕುಸಿದಿಲ್ಲ, ಯಂತ್ರ ಓಡಿಸಿ ಎಂದು ಫೋನು ಮಾಡಿದ. ಹಂದಿ ಬೇಯುವವರೆಗೂ ಕೂತು, ಎರಡು ಸಲ ಬಡಿಸಿಕೊಂಡು ಉಂಡ. ಹೊರಡುವಾಗ ಸೆಮಿಸಿಯ ಭುಜ ಸವರಿದ.

"ಒಂದಿನದ ನೋವು ಅಂದ್ಕೊಂಡಿದ್ದೆ ಮಾರಾಯ. ಈ ವಯಸ್ಸಲ್ಲಿ ಅಜ್ಜಿ ಗುಂಡಿ ತೋಡ್ಬೇಕು ಅಂದ್ರೆ ನಿನ್ ಸೊಂಟದ ಗತಿ ಏನಾಗಿರ್ಬೇಕು! ಒಂದ್ ತಿಂಗಳು ಕೆಳಗಿಳಿಯೋ ಹಾಗಿಲ್ಲ. ನಾಳೆ ಮೇಲಿಂದ್ಲೇ ನೋಡು, ಕುರ್ಚಿ ಹಾಕಿಸ್ತೀನಿ."

ಮರುದಿನ ಬಾವಿಯ ಅಂಚಿನಲ್ಲಿ ಕುರ್ಚಿ ಇತ್ತು, ಬೆನ್ನಿಗೆ ದಿಂಬೂ ಇತ್ತು. ಗೋಡೆ ಒಡೆಯಿತು. ಮೊದಲು ಹೊರಬಂದವನು ನಿನ್ನೆ ಮೊನ್ನೆ ಸೇರಿದ ಯಾವನೋ. ಬಿಳಿ ಅಂಗಿ ತೊಟ್ಟ ಸೆಮಿಸಿಗೆ ಅಳು ಬಂತು. ಅವ್ವ ಅವನ ಕೈ ಹಿಡಿದುಕೊಂಡಳು.

"ಎರಡು ದಿನ ಆಯ್ತಲ್ಲೋ, ಹಗಲಲ್ಲಿ ನಿನ್ ಮುಖ ನೋಡ್ತಿದೀನಿ. ನಂಗಷ್ಟು ಸಾಕು."

ಏನೇ ಆಗಲಿ ಗೆಳೆಯರಲ್ಲವೇ? ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಲು ಸೆಮಿಸಿ ಎದ್ದು ನಿಂತ. ಗುಂಪಿನ ಆ ತುದಿಯಿಂದ ಲೋಸೆ ಕಿರುಚಿದಳು:

"ಏಯ್, ಕೂತ್ಕೊಳ್ಳೋ! ಸೊಂಟ!"